ಮೇವಿನ ಜೋಲಿಯಲ್ಲಿ ರೋಗಿ

ಹೊಸಪೇಟೆಯ ದನದ ದವಾಖಾನೆಯಲ್ಲಿ ನಾನು ಕಂಪೌಂಡರನಾಗಿದ್ದಾಗ, ನನ್ನ ಮಾತನ್ನು ಎತ್ತುಗಳಾದರೂ ಕೇಳುತ್ತಿದ್ದವು. ಅವುಗಳ ಒಡೆಯರು ಕೇಳಿದ್ದಿಲ್ಲ.

ಗಾಡಿ ಹೊಡೆಯುವ ಹನುಮಂತಪ್ಪನ ಮುದಿ ನಾಯಿಗೆ ಹಿಂಗಾಲಿನ ಕೀಲು ಬಾತಿತ್ತು. ಮರಿಯಾದಾಗಿನಿಂದ ಗಾಡಿಯ ಕೆಳಗೆ, ಗಾಲಿಗಳ ನಡುವಿನ ನೆರಳಿನಲ್ಲೇ ನಡೆದ ನಾಯಿ. "ತಿಂಗಳು ಮನೆಯಲ್ಲಿ ಕಟ್ಟಿಹಾಕು, ಒಂದು ಹೆಜ್ಜೆಯೂ ನಡೆಸಬ್ಯಾಡ" ಎಂದು ತಾಕೀತು ಮಾಡಿ, ಹಚ್ಚಲು ಎಣ್ಣೆ ಕೊಟ್ಟಿದ್ದೆ.

ಎಂಟು ದಿನ ಬಿಟ್ಟು ಕಂಪ್ಲಿಗೆ ಹೋಗಲು ಅವನದೇ ಗಾಡಿ ಹತ್ತಿದೆ. ಒಳಗೆಲ್ಲ ಎತ್ತಿನ ಮೇವು ತುಂಬಿತ್ತು. ಯಾಕೋ ಎಂದು ರೇಗಿದರೆ ಅವನು ಎತ್ತಿನ ಬಾಲ ತಿರುವಿದ.

ಮಲಪನಗುಡಿಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಲ್ಲಿಸಿದಾಗ ಗಾಡಿಯ ಕೆಳಗೆ ಏನೋ ಕುಂಯ್ ಎಂದಿತು. ಬಗ್ಗಿ ನೋಡಿದರೆ, ಮೇವು ಇಡಲು ಕಟ್ಟಿದ ಗೋಣಿತಟ್ಟಿನ ಜೋಲಿಯಲ್ಲಿ ನಾಯಿ!

"ಕಟ್ಟಿಹಾಕು ಅಂದ್ರೆ ಹಿಂಗೇನೋ?"

"ಕಟ್ಟಿದ್ನಿರಿ ಸಾಹೇಬ್ರ. ಮೂರು ದಿನ ಗಂಜಿ ಮುಟ್ಟಲಿಲ್ಲ. ಗಾಡಿ ಹೊಂಟ ಸದ್ದು ಕೇಳಿದ್ರ ಗ್ವಾಡಿ ಕಡೆ ಮುಖ ಮಾಡಿ ಮಲಗ್ತಿತ್ತು. ಕಾಲು ನೆಟ್ಟಗಾಗೋದ್ರಾಗ ಜೀವನಽ ಹೋಗ್ತದ ಅನಿಸ್ತು."

"ಎಣ್ಣೆ?"

"ಎರಡು ಹೊತ್ತೂ ಹಚ್ತೀನ್ರಿ. ನಡೆಸಬ್ಯಾಡ ಅಂದ್ರಿ, ನಡೆಸಿಲ್ಲ."

ಬೈಯಲು ಬಾಯಿ ತೆರೆದೆ. ನಾಯಿ ಜೋಲಿಯಿಂದ ಮೂತಿ ಹೊರಗಿಟ್ಟು, ಎತ್ತಿನ ಗೊರಸು ನೋಡುತ್ತ, ಅವನು ಕೊಟ್ಟ ರೊಟ್ಟಿ ಅಗಿಯುತ್ತಿತ್ತು. ಮತ್ತೆ ಗಾಡಿ ಹತ್ತಿ ಮೇವಿನ ನಡುವೆ ಕೂತೆ.

ಕಂಪ್ಲಿ ಮುಟ್ಟುವತನಕ ಜೋಳದ ಸೊಪ್ಪೆ ಬೆನ್ನು ಕೆರೆಯಿತು. ಕಾಲು ಚಾಚಲು ಜಾಗವಿಲ್ಲದೆ ಮೊಣಕಾಲು ಸೆಟೆದುಕೊಂಡು, ಇಳಿಯುವಾಗ ಕುಂಟಿದೆ.

ಹನುಮಂತಪ್ಪ ನಾಯಿಯ ಎಣ್ಣೆ ಸೀಸೆಯನ್ನು ನನ್ನ ಮುಂದೆ ಹಿಡಿದ. "ಹಚ್ಕೊಳ್ರಿ. ಭಾಳ ಚಲೋ ಎಣ್ಣಿ ಅದ."