ಮಾವನ ಕಿಟಕಿಯ ಸ್ಪೀಕರು

ಸದ್ದಿನ ವಿಷಯದಲ್ಲಿ ನಾನು ಯಾವತ್ತೂ ಬಡವನಾಗಿರಲಿಲ್ಲ. ಹೊಸ ತಿಪ್ಪಸಂದ್ರದ ನಮ್ಮ ಮನೆಯ ಮೇಲೆ ಆಗೆಲ್ಲ ದಿನವಿಡೀ ವಿಮಾನಗಳು ಹಾಯುತ್ತಿದ್ದವು. ಅವುಗಳ ಸರದಿ ಮುಗಿದರೆ ವಿಮಾನ ಕಾರ್ಖಾನೆ ಕಡೆಯ ಹೆಲಿಕಾಪ್ಟರುಗಳು. ಅವೂ ಇಲ್ಲವೆಂದರೆ ಮಾರ್ಕೆಟ್ ರಸ್ತೆಯ ತಳ್ಳುಗಾಡಿಯವರ ಕೂಗು. ಫೋನಿನಲ್ಲಿ ಮಾತಾಡುತ್ತ ಮಾತಾಡುತ್ತ "ಒಂದ್ನಿಮಿಷ ಇರಿ, ವಿಮಾನ ಹೋಗ್ಲಿ" ಎಂದು ಸುಮ್ಮನಾಗುವುದು ನಮ್ಮ ಬಡಾವಣೆಯವರ ಪದ್ಧತಿ. ಇಂಥ ಮನೆಯವನೊಬ್ಬ ಇಂದಿರಾನಗರದ ಸ್ಪೀಕರ್ ಅಂಗಡಿಗೆ ಹೋಗಿ, ಎಡಗಿವಿಯಿಂದ ಬಲಗಿವಿಗೆ ಹೆಲಿಕಾಪ್ಟರ್ ಹಾರುವುದನ್ನು ಕೇಳಿ ಮೈ ಜುಮ್ಮೆನ್ನಿಸಿಕೊಂಡು, ಅದನ್ನು ದುಡ್ಡು ಕೊಟ್ಟು ಮನೆಗೆ ತಂದ ಎಂದರೆ ನೀವು ನಗುತ್ತೀರಿ. ನಗಿ. ಈ ಪ್ರಬಂಧ ಕೊನೆಗೆ ನಗುವಿನ ಬಗ್ಗೆಯೇ.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂರುವವನು. ಬೇರೆಯವರ ವರದಿಗಳಲ್ಲಿ ಉದ್ಗಾರ ಚಿಹ್ನೆಗಳನ್ನು ಹೊಡೆದುಹಾಕುವುದು ನನ್ನ ಕಸುಬು. 'ಅದ್ಭುತ', 'ಅಮೋಘ' ಎಂಬ ಪದಗಳು ನನ್ನ ಕೈ ದಾಟಿ ಅಚ್ಚಿನ ಮನೆ ಸೇರಿದ್ದು ಅಪರೂಪ. ಆದರೆ ಆ ಅಂಗಡಿಯವರು ಹಿಂಬದಿಯ ಕತ್ತಲೆ ಕೋಣೆಯಲ್ಲಿ ಮೆತ್ತನೆ ಸೋಫಾದ ಮೇಲೆ ಕೂರಿಸಿ, "ಸಾರ್, ಬೇಸ್ ಫೀಲ್ ಆಗ್ತಿದ್ಯಾ?" ಎಂದು ಕೇಳಿದಾಗ ನಾನೇ ಒಂದು ಉದ್ಗಾರ ಚಿಹ್ನೆಯಾಗಿದ್ದೆ. ಬೇಸ್ ಎಂದರೆ ಏನೆಂದು ಗೊತ್ತಿರಲಿಲ್ಲ. ಎದೆಯೊಳಗೆ ಯಾರೋ ಡೊಳ್ಳು ಬಾರಿಸಿದ ಹಾಗಾಗಿದ್ದಂತೂ ನಿಜ. "ಆಗ್ತಿದೆ, ಆಗ್ತಿದೆ" ಎಂದೆ.

ಬರೀ ಹೆಲಿಕಾಪ್ಟರಿನ ಆಸೆಗೆ ನಾನು ಹೋಗಿರಲಿಲ್ಲ. ಕಾರಣ ನಮ್ಮ ಮಾವ, ಅಂದರೆ ಹೆಂಡತಿ ವನಜಳ ತಂದೆ, ಪಿಳ್ಳಪ್ಪನವರು. ಕಗ್ಗದಾಸಪುರದವರು. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾದ ಮೇಲೆ ಸುಮ್ಮನೆ ಕೂರಲಾರದೆ ಮನೆಯ ಕೆಳಗೇ ಹಿಟ್ಟಿನ ಮಿಲ್ ಹಾಕಿದ್ದರು. ವರ್ಷಗಟ್ಟಲೆ ಆ ಬೆಲ್ಟಿನ ಪಕ್ಕದಲ್ಲಿ ನಿಂತದ್ದಕ್ಕೆ ಕಿವಿ ಒಂದು ವಿಚಿತ್ರ ಹದಕ್ಕೆ ಬಂದಿತ್ತು. ವಿಮಾನ ಕೇಳುತ್ತದೆ, "ಕಾಫಿ ಕುಡೀತೀರಾ" ಕೇಳುವುದಿಲ್ಲ. ಕಿವಿಯ ಮಿಷನ್ನು ಮಾಡಿಸಿಕೊಟ್ಟೆವು. ಅದು ಕುಂಯ್ ಎನ್ನುತ್ತದೆಂದು ಬೀರುವಿನಲ್ಲಿಟ್ಟು, ಕೇಳಿದವರಿಗೆಲ್ಲ "ಭದ್ರವಾಗೈತೆ" ಎನ್ನುತ್ತಿದ್ದರು.

ಭಾನುವಾರ ನನಗೆ ವಾರದ ರಜೆ. ಅವತ್ತು ಮಾವ ಸ್ಕೂಟರಿನಲ್ಲಿ ಬಂದು, ಮುದ್ದೆ ಉಂಡು, ಮಧ್ಯಾಹ್ನ ನಮ್ಮೊಂದಿಗೆ ಸಿನಿಮಾ ನೋಡುವುದು ವಾಡಿಕೆ. ಸೋಫಾದ ಹಿಂದೆ, ಕಿಟಕಿ ಪಕ್ಕದ ಬೆತ್ತದ ಕುರ್ಚಿ ಅವರದು. ಮುಂದೆ ಬನ್ನಿ ಎಂದರೆ ಕಣ್ಣುರಿಯುತ್ತದೆ ಎನ್ನುವರು. ಆ ಕುರ್ಚಿಯಿಂದ ಕೆಳಗೆ ನಿಲ್ಲಿಸಿದ ಸ್ಕೂಟರೂ ಕಾಣುತ್ತದೆ, ಅದು ಅವರು ಬಾಯಿಬಿಟ್ಟು ಹೇಳದ ಕಾರಣ. ಮೊದಮೊದಲು "ಏನಂದ ಅವ್ನು?" ಎಂದು ಕೇಳುತ್ತಿದ್ದರು, ವನಜ ತಿರುಗಿ ಕೂಗಿ ಹೇಳುತ್ತಿದ್ದಳು. ಆಮೇಲಾಮೇಲೆ ಕೇಳುವುದನ್ನು ಬಿಟ್ಟರು. ನಾವು ನಕ್ಕರೆ ನಗುತ್ತಿದ್ದರು, ನಮ್ಮ ನಗುವಿಗಿಂತ ತುಸು ತಡವಾಗಿ. ಅದನ್ನು ಮೊದಲು ಗಮನಿಸಿದವಳು ವನಜ. "ರೀ, ಅಪ್ಪ ಸಿನಿಮಾ ನೋಡ್ತಿಲ್ಲ. ನಮ್ಮ ಬೆನ್ನು ನೋಡ್ತಿದಾರೆ" ಎಂದಳು. ಕೆಲವು ವಾರಗಳಲ್ಲಿ ಅದೂ ನಿಂತಿತು. ಊಟವಾದ ಕೂಡಲೇ "ಮಿಲ್ ಕಡೆ ಹೋಗ್ಬೇಕು" ಎಂದು ಎದ್ದುಬಿಡುತ್ತಿದ್ದರು. ಮಿಲ್ಲನ್ನು ಬಾಡಿಗೆಗೆ ಕೊಟ್ಟು ಎಷ್ಟೋ ಕಾಲವಾಗಿತ್ತು.

ನಮ್ಮ ಹಳೆಯ ಏರ್ಪಾಡು ಎಂದರೆ ಟಿವಿಗೆ ಸಿಕ್ಕಿಸಿದ ಟೇಪ್ ರೆಕಾರ್ಡರಿನ ಎರಡು ಸ್ಪೀಕರುಗಳು. ಸದ್ದು ಜಾಸ್ತಿ ಮಾಡಿದರೆ ಎಲ್ಲವೂ ಒಟ್ಟಿಗೆ ಜಾಸ್ತಿಯಾಗುತ್ತಿತ್ತು, ಮಾತು ಮಾತ್ರ ಗಂಜಿಯಲ್ಲಿ ಮುಳುಗಿದ ಅಗುಳಿನ ಹಾಗೆ ಅಡಿಯಲ್ಲೇ. ಹೊಸ ಹೋಮ್ ಥಿಯೇಟರ್ ಬಂದರೆ ಮಾವ ಎದ್ದು ಹೋಗುವುದು ನಿಲ್ಲುತ್ತದೆ ಎಂಬುದು ನಮ್ಮ ಆಸೆ.

ಪೆಟ್ಟಿಗೆ ಬಿಚ್ಚಿದ ದಿನದ ಸಂಭ್ರಮವನ್ನು ಹೇಗೆ ಹೇಳಲಿ! (ಈ ಉದ್ಗಾರ ಚಿಹ್ನೆಯನ್ನು ನಾನೇ ಹಾಕಿದ್ದು, ಇರಲಿ ಬಿಡಿ.) ಮನೆಯ ಹಾಲ್ ತುಂಬ ಥರ್ಮೋಕೋಲ್ ಚೂರು, ಹೊಸ ಪ್ಲಾಸ್ಟಿಕ್ಕಿನ ಘಮ. ಶಿವಾಜಿನಗರದಿಂದ ವೈರು ತಂದಿದ್ದೆ. ಅಲ್ಲಿಯ ಅಂಗಡಿಯಾತ "ಕಿತ್ತಾ ಹೋನಾ ಸಾಬ್?" ಎಂದು ಎಷ್ಟುದ್ದ ಬೇಕೆಂದು ಕೇಳಿದಾಗ ಹಾಲಿನ ಅಳತೆ ಗೊತ್ತಿಲ್ಲದೆ ಎರಡೂ ಕೈ ಚಾಚಿ ತೋರಿಸಿದ್ದೆ. ಆತ ಬೀದಿಗೇ ಸಾಲುವಷ್ಟು ಕೊಟ್ಟಿದ್ದ. ಜೊತೆಗೆ ಬಂದ ಕೈಪಿಡಿಯನ್ನು ನಾನು ಓದಲಿಲ್ಲ. ದಿನವಿಡೀ ಓದುವವನಿಗೆ ರಜೆಯ ದಿನ ಓದು ಬೇಡವೆನಿಸುತ್ತದೆ. ಬಣ್ಣದ ವೈರನ್ನು ಅದೇ ಬಣ್ಣದ ತೂತಿಗೆ ಸಿಕ್ಕಿಸಿದೆ, ಅಷ್ಟೆ.

ಯಾವುದನ್ನು ಎಲ್ಲಿಡಬೇಕು ಎಂಬುದನ್ನು ತೀರ್ಮಾನಿಸಿದವಳು ವನಜ. ಆ ಡೊಳ್ಳಿನ ಸದ್ದು ಹೊರಡಿಸುವ ದಪ್ಪನೆಯ ವೂಫರ್ ಭಾರದ ವಸ್ತು, ಆದ್ದರಿಂದ ವಾಸ್ತು ಪ್ರಕಾರ ನೈರುತ್ಯಕ್ಕೆ ಹೋಯಿತು. ಒಂದೇ ಥರದ ನಾಲ್ಕು ಪುಟ್ಟ ಸ್ಪೀಕರುಗಳು ಸತ್ಯನಾರಾಯಣ ಪೂಜೆಯ ಮಂಟಪಕ್ಕೆ ಬಾಳೆಕಂದು ಕಟ್ಟಿದ ಹಾಗೆ ಹಾಲಿನ ನಾಲ್ಕು ಮೂಲೆಗೆ. ಉಳಿದದ್ದು ಅಡ್ಡಡ್ಡ ಉದ್ದವಿದ್ದ ಐದನೆಯದು. ಬಡಗಿ ಟಿವಿಯ ಅಳತೆಗೇ ಕೊರೆದಿದ್ದ ಶೋಕೇಸಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹುಡುಕಿ ಹುಡುಕಿ, ಮಾವನ ಕುರ್ಚಿ ಪಕ್ಕದ ಕಿಟಕಿ ಕಟ್ಟೆಯ ಮೇಲಿಟ್ಟೆವು. ಹೇಳಿ ಮಾಡಿಸಿದ ಹಾಗೆ ಕೂತಿತು.

ಮಾವ ಮುದ್ದೆ ಉಂಡು ಕುರ್ಚಿಗೆ ಬಂದ ಮೇಲೆ ಸಿನಿಮಾ ಹಾಕಿದೆವು. ನಾಯಕ ಎದುರಿಗೆ ತುಟಿ ಆಡಿಸುತ್ತಾನೆ, ಮಾತು ನಮ್ಮ ಕತ್ತಿನ ಹಿಂದಿನಿಂದ ಬರುತ್ತದೆ. ವನಜ ಎರಡು ಸಲ ಬೆಚ್ಚಿ ತಿರುಗಿ ನೋಡಿದಳು. ಸರೌಂಡ್ ಸೌಂಡ್ ಎಂದರೆ ಇದೇ ಎಂದು ನಾನು ಗಂಭೀರವಾಗಿ ವಿವರಿಸಿದೆ. ಮೂಡಲಪಾಯ ಬಯಲಾಟದ ಭಾಗವತರು ವೇಷಧಾರಿಯ ಹಿಂದೆ ನಿಂತೇ ಹಾಡುವುದು, ತೊಗಲುಗೊಂಬೆಯ ಮಾತು ಪರದೆಯ ಹಿಂದಿನಿಂದಲೇ ಬರುವುದು, ಕಣ್ಣಿಗೊಂದು ದಿಕ್ಕು ಕಿವಿಗೊಂದು ದಿಕ್ಕು ನಮ್ಮ ಪರಂಪರೆಗೆ ಹೊಸದಲ್ಲ, ಎಂದೆಲ್ಲ ಹೇಳಿದೆ. ಅಲ್ಲೆಲ್ಲ ಮಾತು ಬರುವುದು ಆಟದ ಹಿಂದಿನಿಂದ, ನೋಡುವವರ ಹಿಂದಿನಿಂದಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಂದು ನಗು ಕೇಳಿತು. ಹಾಸ್ಯನಟ ಏನೋ ಹೇಳಿದ್ದ, ನಾನಿನ್ನೂ ಪರಂಪರೆಯಲ್ಲಿದ್ದೆ. ಮಾವ ನಮಗಿಂತ ಮೊದಲು ನಕ್ಕಿದ್ದರು. ವನಜ ನನ್ನ ಕೈ ಚಿವುಟಿದಳು. ಸಿನಿಮಾ ಮುಗಿಯುವ ತನಕ ಮಿಲ್ಲಿನ ಹೆಸರು ಬರಲಿಲ್ಲ. ಹೋಗುವ ಮುಂಚೆ ವೂಫರಿನ ತಲೆ ಮೇಲೆ ಅಂಗೈ ಇಟ್ಟು, "ಇದು ನಮ್ ಮಿಲ್ ಇದ್ದಂಗೇ ಐತೆ ಅಳಿಯಂದ್ರೇ" ಎಂದು ಮೆಚ್ಚಿದರು.

ಇಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹೊಸ ವಸ್ತು ಕೊಂಡವನಿಗೆ ಅದನ್ನು ತೋರಿಸದೆ ಇರಲಾಗುವುದಿಲ್ಲ. ಹಲಸೂರಿನ ಸೆಲ್ವರಾಜ್ ನಮ್ಮ ಪತ್ರಿಕೆಯ ಛಾಯಾಗ್ರಾಹಕ, ಸ್ಪೀಕರುಗಳ ಹುಚ್ಚ. ಕರೆದೆ. ಹಾಲಿನೊಳಗೆ ಕಾಲಿಟ್ಟವನೇ ತಲೆ ಮೇಲೆ ಕೈ ಹೊತ್ತ.

"ಗುರು, ಇದೇನ್ ಗುರು? ಸೆಂಟರ್ ಸ್ಪೀಕರ್ ತಗೊಂಡೋಗಿ ಹಿಂದೆ ಇಟ್ಟಿದೀಯಾ!"

"ಅಲ್ಲಿ ಜಾಗ ಇತ್ತು."

"ಜಾಗ ಇತ್ತು ಅಂತ ಹೆಡ್‌ಲೈನ್‌ನ ಕೊನೇ ಪೇಜಲ್ಲಿ ಹಾಕ್ತೀಯಾ? ಮಾತೆಲ್ಲ ಬರೋದೇ ಅದ್ರಲ್ಲಿ ಮಗಾ. ಟಿವಿ ಕೆಳಗೆ ಇರ್ಬೇಕು."

ಸ್ಟೂಲು ತಂದು, ಶೋಕೇಸಿನ ಗೊಂಬೆಗಳನ್ನು ಎತ್ತಂಗಡಿ ಮಾಡಿ, ಎಲ್ಲವನ್ನೂ ಇರಬೇಕಾದಲ್ಲಿ ಇಟ್ಟುಕೊಟ್ಟ. ನಿಜ ಹೇಳುತ್ತೇನೆ, ಆಮೇಲೆ ಕೇಳಿದ್ದು ಬೇರೆಯೇ ಲೋಕ. ತುಟಿಯಿಂದ ಮಾತು, ಮೋಡದಿಂದ ಗುಡುಗು. ಗಾಜು ಒಡೆದರೆ ಅಡುಗೆಮನೆಯಿಂದ ವನಜ ಓಡಿ ಬಂದಳು. ಮುಂದಿನ ಭಾನುವಾರಕ್ಕೆ ಹಬ್ಬಕ್ಕೆ ಕಾಯುವ ಹಾಗೆ ಕಾದೆ.

ಭಾನುವಾರ ಬಂತು. ತಮಾಷೆ ಬಂತು. ನಾವು ನಕ್ಕೆವು. ತುಸು ತಡೆದು, ಹಿಂದಿನಿಂದ ಆ ನಗು ಬಂತು. ವನಜ ತಿರುಗಿ ನೋಡಲಿಲ್ಲ, ನಾನೂ ನೋಡಲಿಲ್ಲ. ಇಂಟರ್ವೆಲ್ಲಿಗೆ ಮುಂಚೆಯೇ ಬೆತ್ತದ ಕುರ್ಚಿ ಕಿರುಗುಟ್ಟಿತು. "ಮಿಲ್ ಕಡೆ ಹೋಗ್ಬರ್ತೀನಮ್ಮ." ಸ್ಕೂಟರು ಹೊರಟ ಸದ್ದು ಮಾತ್ರ ಆ ಮಧ್ಯಾಹ್ನ ಎಲ್ಲ ಸ್ಪೀಕರುಗಳಿಗಿಂತ ಸ್ಪಷ್ಟವಾಗಿ ಕೇಳಿತು.

ನಾನು ಏನೂ ಹೇಳುವ ಮೊದಲೇ ವನಜ ಸ್ಟೂಲು ತಂದಿದ್ದಳು. ಗೊಂಬೆಗಳು ಶೋಕೇಸಿಗೆ ವಾಪಸಾದವು, ಉದ್ದನೆಯ ಸ್ಪೀಕರು ಕಿಟಕಿ ಕಟ್ಟೆಗೆ. ಸೆಲ್ವರಾಜನಿಗೆ ಫೋನಿನಲ್ಲಿ ಹೇಳಿದೆ. "ಅದು ತಪ್ಪು ಗುರು" ಎಂದ. ಮಾವ ಎದ್ದು ಹೋದದ್ದನ್ನು ಹೇಳಿದ ಮೇಲೆ, "ಅಲ್ಲೇ ಇರ್ಲಿ ಬಿಡು. ನಾನು ಬಂದಾಗ ಮಾತ್ರ ಸಿನಿಮಾ ಹಾಕ್ಬೇಡ" ಎಂದ.

ಮರು ಭಾನುವಾರ ಮಾವ ಕೂತರು. ನಾಯಕ ಮುಂದೆ, ಅವನ ಮಾತು ಹಿಂದೆ, ನಾವು ನಡುವೆ. ನಾವಿಬ್ಬರೂ ನಗುವುದು ಮಾವ ನಕ್ಕ ಮೇಲೆ. ಸಿನಿಮಾ ಮುಗಿದಾಗ ಮಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ತಮ್ಮ ಅಭಿಪ್ರಾಯ ಕೊಟ್ಟರು:

"ಹೋದ್ ವಾರದೋನು ಬರೀ ಗೊಣಗ್ತಿದ್ದ. ಇವ್ನು ನೋಡಿ, ಬಾಯ್ಬಿಟ್ಟು ಮಾತಾಡ್ತಾನೆ. ಸಿನಿಮಾದೋರು ಈಗೀಗ ಮಾತಾಡಕ್ಕೆ ಕಲ್ತವ್ರೆ ಅಳಿಯಂದ್ರೇ."

ಎರಡೂ ವಾರ ಇದ್ದ ನಾಯಕ ಒಬ್ಬನೇ. ತಪ್ಪು ಮಾಹಿತಿ ಕಂಡರೆ ನನ್ನ ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ. ವನಜ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದು ಮಾವ," ಎಂದೆ, "ಈಗೀಗ ಸುಧಾರಿಸಿದಾರೆ."