ಮೋತಿಯ ತಟ್ಟೆಗೆ ಬಿದ್ದ ಹಾಲು

ಹಿತ್ತಿಲಿಗೆ ಹೋದವಳು ಹಾಗೇ ನಿಂತುಬಿಟ್ಟೆ. ಎಮ್ಮೆ ಕಟ್ಟುವ ಕೊಟ್ಟಿಗೆಯ ಗೋಡೆಯ ಮರೆಯಲ್ಲಿ ನಮ್ಮ ಅತ್ತೆ ಕುಕ್ಕರಗಾಲಿನಲ್ಲಿ ಕೂತು, ಏಳು ತಿಂಗಳ ನಮ್ಮ ನಾಯಿಮರಿ ಮೋತಿಯ ತಟ್ಟೆಗೆ ಹಾಲು ಸುರಿಯುತ್ತಿದ್ದರು.

ಒಂದು ತಿಂಗಳಿಂದ ಮೋತಿಗೆ ತಿಂದದ್ದು ದಕ್ಕುತ್ತಿರಲಿಲ್ಲ. ವಾಂತಿ, ಭೇದಿಯಲ್ಲಿ ಸೊರಗಿ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಮೆತ್ತಗಿನ ಅನ್ನ ಬಿಟ್ಟು ಬೇರೇನೂ ಕೊಡಬೇಡಿ ಎಂದು ನಿಪ್ಪಾಣಿಯ ದನದ ಡಾಕ್ಟರು ಹೇಳಿದ್ದರು. ಆ ಅನ್ನವನ್ನು ಅದು ಮೂಸಿ ನೋಡಿ, ಮುಖ ತಿರುಗಿಸಿ ಮಲಗುತ್ತಿತ್ತು.

"ಅತ್ತಿ, ಹಾಲ ಹಾಕಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರಲ್ರಿ" ಎಂದೆ.

ಅವರು ತಲೆ ಎತ್ತಲಿಲ್ಲ. "ಹಾಲಾದ್ರ ನಾಕ ಗುಟುಕ ಕುಡಿತೈತವಾ. ಉಪಾಸ ಬಿದ್ದದ್ದನ್ನ ಹೆಂಗ ನೋಡ್ಕೋತ ಕುಂದ್ರಲಿ?" ಎಂದರು.

ನಾನು ತಟ್ಟೆ ಎಳೆದುಕೊಳ್ಳುವ ಮೊದಲೇ ಮೋತಿ ಕುಡಿದು ಮುಗಿಸಿತ್ತು. ಅರ್ಧ ಗಂಟೆಯೊಳಗೆ ಎಲ್ಲವನ್ನೂ ಕಾರಿಕೊಂಡು ನೆಲಕ್ಕೆ ಒರಗಿತು. ಅತ್ತೆ ಸೆರಗಿನಿಂದ ಅದರ ಬಾಯಿ ಒರೆಸುತ್ತ ಅತ್ತರು.

ನಾನು ನೀರು ತಂದು ನೆಲ ತೊಳೆದೆ. ಹಿಂದಿನ ದಿನ ಅದರ ಖಾಲಿ ಹೊಟ್ಟೆ ನೋಡಲಾರದೆ, ಯಾರಿಗೂ ಕಾಣದಂತೆ ಎರಡು ಬಿಸ್ಕೀಟು ತಿನ್ನಿಸಿದ್ದವಳು ನಾನೇ. ಅದನ್ನು ಅತ್ತೆಗೆ ಇನ್ನೂ ಹೇಳಿಲ್ಲ. ಮೋತಿ ಇವತ್ತೂ ಅನ್ನ ಮುಟ್ಟಿಲ್ಲ.