ಅರಿಶಿನದ ಕೊಂಬು ಕಟ್ಟಿಕೊಂಡು ಹೋದ ದಿನ

ಸೋದರತ್ತೆಯನ್ನು ವಿಮೆಯ ದವಾಖಾನೆಗೆ ಕರೆದೊಯ್ದದ್ದು ಶ್ರಾವಣದಲ್ಲಿ ಎಂದು ಬಹುಕಾಲ ನಂಬಿದ್ದೆ. ಆದರೆ ನನ್ನ ಹೈಸ್ಕೂಲಿನ ಪ್ರಗತಿಪತ್ರದಲ್ಲಿ ಶ್ರಾವಣವಿಡೀ ಹಾಜರಿಯಿದೆ. ಒಂದು ದಿನದ ಗೈರುಹಾಜರಿ ಇರುವುದು ಅದರ ಹಿಂದಿನ ತಿಂಗಳಲ್ಲಿ. ಆದ್ದರಿಂದ ಅದು ಆಷಾಢ. ವರ್ಷ, ಐವತ್ತರ ದಶಕದ ಕೊನೆಯದು. ಒಂದು ತಿಂಗಳ ವ್ಯತ್ಯಾಸಕ್ಕೆ ಇಷ್ಟು ಹುಡುಕಾಟವೇಕೆ ಎಂದು ಮನೆಯವರು ಕೇಳುತ್ತಾರೆ. ಅತ್ತೆಯ ಕೆನ್ನೆಯೊಳಗಿನ ಹುಣ್ಣಿಗೆ ಆ ಒಂದು ತಿಂಗಳು ಸಣ್ಣದಾಗಿರಲಿಲ್ಲ.

ಅತ್ತೆ ಅಪ್ಪನಿಗಿಂತ ನಾಲ್ಕು ವರ್ಷ ದೊಡ್ಡವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ರಾಜಾಜಿನಗರದ ನಮ್ಮ ಎರಡು ಕೋಣೆಯ ಮನೆಗೆ ಬಂದು ನೆಲೆಸಿದ್ದರು. ಕಾರ್ಖಾನೆಯ ಕಾಯಂ ಕೆಲಸಗಾರನಾಗಿದ್ದ ಅಪ್ಪನಿಗೆ ಆಗಷ್ಟೇ ಬಂದಿದ್ದ ವಿಮೆಯ ಚೀಟಿಯಿತ್ತು. ಅದರಡಿ ಹೆಂಡತಿ, ಮಕ್ಕಳು, ಆಶ್ರಿತ ತಾಯಿತಂದೆಗೆ ಔಷಧ ಸಿಗುತ್ತಿತ್ತು. ಅಕ್ಕ ಎಂಬ ಕಲಮು ಅದರಲ್ಲಿರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಹುಣ್ಣನ್ನು ನೋಡಿದ ಡಾಕ್ಟರು, ಕ್ಯಾನ್ಸರ್ ಇರಬಹುದು, ಜನ ಕರೆಂಟ್ ಎನ್ನುವ ವಿಕಿರಣ ಚಿಕಿತ್ಸೆ ಕೊಡಿಸಬೇಕು ಎಂದಿದ್ದರು. ಧರ್ಮದ ವಾರ್ಡಿನಲ್ಲಿ ಹಾಸಿಗೆ ಖಾಲಿಯಾದಾಗ ಕಾರ್ಡು ಬರೆಯುವುದಾಗಿ ಹೇಳಿ ಕಳುಹಿಸಿದ್ದರು. ಕಾರ್ಡು ಬರಲಿಲ್ಲ. ವಿಮೆಯ ದವಾಖಾನೆಯಿಂದ ಪತ್ರ ತಂದವರನ್ನು ಅದೇ ವಾರ ಸೇರಿಸಿಕೊಳ್ಳುತ್ತಾರೆಂದು ಅಪ್ಪನ ಜೊತೆ ಕೆಲಸ ಮಾಡುವವರು ಹೇಳಿದರು.

ಉಪಾಯ ಹೂಡಿದ್ದು ಅಮ್ಮ. ತನ್ನ ಹೆಸರಿನಲ್ಲಿ ಅತ್ತೆ ಹೋಗಲಿ. ಅಪ್ಪ, "ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ," ಎಂದು ಒಮ್ಮೆ ಹೇಳಿ, ವಿಮೆಯ ಚೀಟಿಯನ್ನು ಮನೆಯಲ್ಲೇ ಬಿಟ್ಟು ಪಾಳಿಗೆ ಹೊರಟುಹೋದರು. ಮನೆಯಲ್ಲಿ ನೆಟ್ಟಗೆ ಬರೆಯಬಲ್ಲವಳು ನಾನೊಬ್ಬಳೇ, ಫಾರಂ ತುಂಬಿದೆ. ಅತ್ತೆಯ ಹೆಸರಿರಬೇಕಾದಲ್ಲಿ ಅಮ್ಮನ ಹೆಸರು ಬರೆದೆ.

ಅಮ್ಮ ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಅತ್ತೆಯ ಕೊರಳಿಗೆ ಹಾಕಿದಳು. ಹಣೆಗೆ ಕುಂಕುಮ ಇಟ್ಟಳು. ಅತ್ತೆ ಕನ್ನಡಿ ನೋಡಲಿಲ್ಲ.

"ಅವನು ನನಗಿಂತ ಚಿಕ್ಕವನು ಕಣೇ. ಹೆಂಡ್ತಿ ಅಂದ್ರೆ ನಂಬ್ತಾರಾ? ತಾಯಿ ಅಂತ ಬರ್ಕೊಂಡಾರು."

"ಸುಮ್ನಿರಿ ಅತ್ತಿಗೆ. ಬಾಯಿ ನೋವು ಅನ್ನಿ, ಜಾಸ್ತಿ ಮಾತಾಡ್ಬೇಡಿ."

ದವಾಖಾನೆಯ ಕಿಟಕಿಯ ಹಿಂದೆ ವಯಸ್ಸಾದ ಗುಮಾಸ್ತರೊಬ್ಬರು ಕುಳಿತಿದ್ದರು. ನಮಗಿಂತ ಮುಂದಿದ್ದ ಹೆಂಗಸು ಗಂಡನ ಹೆಸರು ಕೇಳಿದಾಗ ಸೆರಗು ಬಾಯಿಗೆ ಹಿಡಿದು ಪಕ್ಕದವಳ ಕಡೆ ತಿರುಗಿದಳು; ಪಕ್ಕದವಳು ಹೇಳಿದಳು. ಅವರು ತಲೆಯೆತ್ತದೆ ಬರೆದುಕೊಂಡರು. ಇದನ್ನು ನಾನು ನೋಡಿದೆ, ಅರ್ಥ ಮಾಡಿಕೊಳ್ಳಲಿಲ್ಲ.

"ಯಜಮಾನ್ರ ಹೆಸರೇನಮ್ಮ?"

ಅತ್ತೆ ಅಪ್ಪನ ಹೆಸರನ್ನು ತಡವರಿಸದೆ ಹೇಳಿಬಿಟ್ಟರು, ಅಂಗಳದಲ್ಲಿ ಆಡುತ್ತಿರುವ ತಮ್ಮನನ್ನು ಊಟಕ್ಕೆ ಕೂಗುವ ಹಾಗೆ.

ಗುಮಾಸ್ತರ ಲೇಖನಿ ನಿಂತಿತು. ಅರಿಶಿನದ ಕೊಂಬನ್ನೂ, ಫಾರಂ ಹಿಡಿದ ನನ್ನನ್ನೂ ನೋಡಿದರು.

"ಇಲ್ಲಿಗೆ ಬರೋ ಮೊದಲು ಬೇರೆ ಆಸ್ಪತ್ರೆಗಳಲ್ಲೂ ಸೇರಿ ಇಪ್ಪತ್ತು ವರ್ಷದಿಂದ ಹೆಸರು ಬರ್ಕೋತಾ ಇದೀನಿ ತಾಯಿ. ಗಂಡನ ಹೆಸರು ಇಷ್ಟು ಸಲೀಸಾಗಿ ಹೇಳಿದೋರು ನೀವೇ ಮೊದಲು." ದನಿ ತಗ್ಗಿಸಿದರು. "ಅವರಿಗೆ ಏನಾಗಬೇಕು ನೀವು?"

"ಅಕ್ಕ," ಎಂದರು ಅತ್ತೆ.

ಅವರು ಫಾರಂ ಮಡಿಸಿ ನನ್ನ ಕೈಗೇ ಕೊಟ್ಟರು. "ಇದನ್ನ ನಾನು ತಗೊಂಡ್ರೆ ನಿಮ್ಮಪ್ಪನ ಕೆಲಸಾನೂ ಹೋಗುತ್ತೆ, ನನ್ನದೂ ಹೋಗುತ್ತೆ ಮಗು. ಮನೆಗೆ ಕರ್ಕೊಂಡು ಹೋಗು."

ಮಾಗಡಿ ರಸ್ತೆಗೆ ಬಂದ ಮೇಲೆ ಅತ್ತೆ ಸೆರಗಿನಿಂದ ಹಣೆ ಒರೆಸಿಕೊಂಡರು. ದಾರದ ಗಂಟು ಬಿಗಿದುಕೊಂಡಿತ್ತು. ನನ್ನಿಂದಲೂ ಬಿಚ್ಚಲಾಗಲಿಲ್ಲ. ಅದನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಮನೆಯವರೆಗೆ ನಡೆದರು. ದಾರಿಯಲ್ಲಿ ಒಮ್ಮೆ, "ಎತ್ತಿ ಆಡಿಸಿದ ಮಗು ಕಣೇ ಅವನು. ಅವನ ಹೆಸರು ಹೇಳೋಕೆ ನಾಚಿಕೆ ಎಲ್ಲಿಂದ ತರಲಿ?" ಎಂದರು.

ಆಮೇಲೆ ಹೋಗಲು ಬೇರೆ ಬಾಗಿಲಿರಲಿಲ್ಲ. ದವಾಖಾನೆಯಲ್ಲಿ ಮುಖ ಗೊತ್ತಾಗಿತ್ತು. ದೊಡ್ಡಾಸ್ಪತ್ರೆಗೆ ಅಪ್ಪ ರಜೆಯ ದಿನಗಳಲ್ಲೆಲ್ಲ ಹೋಗಿ ಬರಿಗೈಯಲ್ಲಿ ಬಂದರು. ಅತ್ತೆ ಗಂಜಿಗೆ ಇಳಿದರು, ಗಂಜಿಯಿಂದ ನೀರುಮಜ್ಜಿಗೆಗೆ. ಕಾರ್ಡು ಬಂದದ್ದು ಕಾರ್ತೀಕದಲ್ಲಿ. ಅಂಚೆಯ ಮುದ್ರೆಯಿರುವ ಆ ಕಾರ್ಡು ಇಂದಿಗೂ ನನ್ನ ಬಳಿ ಇರುವುದರಿಂದ ಈ ಒಂದು ತಿಂಗಳ ಬಗ್ಗೆ ಸಂದೇಹವಿಲ್ಲ.

ದೊಡ್ಡಾಸ್ಪತ್ರೆಯಲ್ಲೂ ಫಾರಂ ತುಂಬಿದ್ದು ನಾನೇ. ಗಂಡನ ಹೆಸರು ಕೇಳಿದಾಗ ಅತ್ತೆ ನನ್ನತ್ತ ನೋಡಿದರು. ಆಗ ಅವರಿಗೆ ನಾಲಿಗೆಯೂ ಹೊರಳುತ್ತಿರಲಿಲ್ಲ. ಅಪ್ಪ ಹೇಳಿಕೊಟ್ಟಿದ್ದ ಸತ್ತ ಮಾವನ ಹೆಸರನ್ನು ಬರೆದೆ. ಈ ಸಲ ಎಲ್ಲವನ್ನೂ ನಿಜವೇ ಬರೆದೆ. ಹುಣ್ಣು ಕಾಣಿಸಿಕೊಂಡದ್ದು ಯಾವಾಗ ಎಂಬಲ್ಲಿ, ಯುಗಾದಿಯ ಮರುವಾರ ಎಂದು.

ಡಾಕ್ಟರು ಆ ಸಾಲನ್ನು ಓದಿ, ಅತ್ತೆಯ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ, ಅಪ್ಪನನ್ನು ಹೊರಗೆ ಕರೆದರು. ಅತ್ತೆ ಹಾಸಿಗೆಯ ಮೇಲೆ ಕುಳಿತು, ಕೊನೆಗೂ ಸಿಕ್ಕಿದ ಅದರ ಬಿಳಿ ಹೊದಿಕೆಯನ್ನು ಅಂಗೈಯಿಂದ ಸವರಿ ಸರಿಮಾಡುತ್ತಿದ್ದರು.